ಭಾನುವಾರದ ಹಕ್ಕಿಗಳು

ಆಯುಧಪೂಜೆಯ ದಿನ ನನಗೆ ಪ್ರತಿವರ್ಷವೂ ಒಂದು ಸಣ್ಣ ಅವಮಾನ ಕಾದಿರುತ್ತದೆ. ಯಜಮಾನರು ಸ್ಕೂಟರಿನ ಕೀಲಿ, ಸ್ಪಾನರು, ಇಕ್ಕಳಗಳನ್ನು ಸಾಲಾಗಿ ಜೋಡಿಸುತ್ತಾರೆ. ಮಗಳು ಕಂಪ್ಯೂಟರಿನ ಮೌಸಿಗೆ ಕುಂಕುಮ ಹಚ್ಚಿ ಒಂದು ಸೇವಂತಿಗೆ ಸಿಕ್ಕಿಸುತ್ತಾಳೆ. ನಾನು ಈಳಿಗೆಮಣೆ ತಂದಿಟ್ಟರೆ, "ಅದು ಅಡುಗೆಮನೇದಮ್ಮ, ನಿಂದು ಅಂತ ಏನಿದೆ ಅದನ್ನ ಇಡು" ಎನ್ನುತ್ತಾಳೆ. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಇಡೀ ಆಯುಷ್ಯ ಕುಳಿತವಳ ಆಯುಧ ಯಾವುದು, ನೀವೇ ಹೇಳಿ. ಒಂದು ಬಾಲ್ ಪೆನ್ನು, ಒಂದು ರಬ್ಬರ್ ಸ್ಟ್ಯಾಂಪು. ಎರಡೂ ಕಚೇರಿಯವು.

ಹೋದ ವರ್ಷ ಹಟಕ್ಕೆ ಬಿದ್ದು ಅಟ್ಟದ ಮೇಲಿನ ಟ್ರಂಕು ಇಳಿಸಿ ಹುಡುಕಿದೆ. ಹಳೆಯ ಸ್ವೆಟರಿನಲ್ಲಿ ಸುತ್ತಿಟ್ಟ ದುರ್ಬೀನು ಸಿಕ್ಕಿತು. ತಂದು ಮೌಸಿನ ಪಕ್ಕ ಇಟ್ಟೆ. ಮಗಳು ನಕ್ಕಳು. ಯಜಮಾನರು ನಗಲಿಲ್ಲ. ಅದನ್ನೊಂದು ಸಲ, ನನ್ನನ್ನೊಂದು ಸಲ ನೋಡಿ ಊದುಬತ್ತಿ ಹಚ್ಚಿದರು. ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದು ಆ ದುರ್ಬೀನಿಗೆ ಅಂಟಿಕೊಂಡಿದೆ. ಅದನ್ನು ನಿಮಗೆ ಹೇಳಿಬಿಡಬೇಕು ಎನಿಸಿದೆ. ಆದರೆ ನಾನು ಸುತ್ತಿ ಬಳಸಿ ಮಾತಾಡುವವಳು, ಸ್ವಲ್ಪ ತಾಳ್ಮೆಯಿರಲಿ.

ದುರ್ಬೀನು ಕೊಂಡದ್ದು ತೊಂಬತ್ತರ ದಶಕದ ನಡುವೆ, ಶಿವಾಜಿನಗರದ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ನಾನು ಹೊರಟಿದ್ದು ಕಮರ್ಷಿಯಲ್ ಸ್ಟ್ರೀಟಿಗೆ, ಮಗಳ ಶಾಲೆಯ ಸ್ವೆಟರಿಗೆ. ದಾರಿ ತಪ್ಪಿ ಅಲ್ಲಿ ಹೋಗಿ ನಿಂತೆ. ಅಂಗಡಿಯ ಸಾಹೇಬರು ಗಡ್ಡ ನೀವಿಕೊಂಡು, "ಪಕ್ಕಾ ಮಿಲ್ಟ್ರಿ ಮಾಲು ಮೇಡಂ. ಚಂದ್ರನಲ್ಲಿರೋ ಮೊಲದ ಮೀಸೆ ಕಾಣುತ್ತೆ, ಖುದಾ ಕಸಂ" ಎಂದರು. ಹಗಲು ಹನ್ನೊಂದು ಗಂಟೆಯಲ್ಲಿ ಚಂದ್ರನನ್ನು ಎಲ್ಲಿಂದ ತರಲಿ? ಎದುರಿನ ಬೋರ್ಡು ನೋಡಿದೆ, ಚೆನ್ನಾಗಿ ಕಂಡಿತು, ಕೊಂಡೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ನಾನು ಎಡಗಣ್ಣಿನಲ್ಲಿ ಮಾತ್ರ ನೋಡಿದ್ದೆ ಅಂತ. ಬಲಗಡೆಯ ಗಾಜಿಗೆ ಬೂಷ್ಟು ಹಿಡಿದಿತ್ತು. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ದುರ್ಬೀನಲ್ಲ ಕಣೇ, ಅರ್ಧ ದುರ್ಬೀನು" ಎಂದು ತೀರ್ಪು ಕೊಟ್ಟರು.

ಸಂಸಾರಸ್ಥ ಹೆಂಗಸಿಗೆ ದುರ್ಬೀನು ಯಾಕೆ ಬೇಕಾಯಿತು ಅಂದರೆ, ಅದಕ್ಕೆ ಕಾರಣ ಶ್ರೀಪಾದರಾಯರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾಗಿದ್ದರು. ಜೋಗುಪಾಳ್ಯದ ಗಲ್ಲಿಯೊಂದರಲ್ಲಿ ಮನೆ. ಹಕ್ಕಿ ನೋಡುವ ಹುಚ್ಚು. ಪಾಲಿಸಿಯಲ್ಲಿ ತಮ್ಮ ಹೆಸರಿನ ಒಂದು ಅಕ್ಷರ ತಿದ್ದಿಸಲು ನಮ್ಮ ಕಚೇರಿಗೆ ಬಂದವರು, ಫಾರಂ ತುಂಬುತ್ತಾ ನನ್ನ ಊರು ಕೇಳಿದರು. ರಾಣೇಬೆನ್ನೂರು ಎಂದೆ.

"ಏನ್ರೀ, ರಾಣೇಬೆನ್ನೂರಾ? ಕೃಷ್ಣಮೃಗದ ಊರು! ಹಾಗಿದ್ರೆ ನಿಮಗೆ ಹಕ್ಕಿ ವಿಷಯ ಗೊತ್ತಿರ್ಲೇಬೇಕು."

ಕೃಷ್ಣಮೃಗಕ್ಕೂ ಹಕ್ಕಿಗೂ ಏನು ಸಂಬಂಧ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಹೊಗಳಿಕೆ ಯಾವ ಬಾಗಿಲಿಂದ ಬಂದರೂ ನಾನು ಒಳಗೆ ಕರೆಯುವವಳೇ. ಅಲ್ಲದೆ ಹಕ್ಕಿಗಳ ಜೊತೆ ನನಗೆ ಹಳೇ ವ್ಯವಹಾರವೂ ಇತ್ತು. ಚಿಕ್ಕವಳಿದ್ದಾಗ ಜೋಳ ಹಾಲುಗಟ್ಟುವ ಹೊತ್ತಿಗೆ ಅಜ್ಜಿ ನನ್ನನ್ನು ಹೊಲದ ಅಟ್ಟಣಿಗೆ ಹತ್ತಿಸಿ ಕೈಗೆ ಕವಣೆ ಕೊಡುತ್ತಿದ್ದಳು. ಗಿಳಿಗಳು ಹಿಂಡುಹಿಂಡಾಗಿ ಬಂದು ತೆನೆಗೆ ಜೋತುಬೀಳುತ್ತಿದ್ದವು. ನಾನು ಕವಣೆ ಮಡಿಲಲ್ಲಿಟ್ಟುಕೊಂಡು ಒಂದು, ಎರಡು, ಮೂರು ಎಂದು ಎಣಿಸುತ್ತಾ ಕೂರುತ್ತಿದ್ದೆ. ಅಜ್ಜಿ ಬದುವಿನ ಮೇಲಿಂದ ಕೂಗುತ್ತಿದ್ದಳು: "ಎಲೆ ಹುಚ್ಚಿ, ಎಣಸ್ಕೋತ ಕುಂತ್ರ ತೆನಿ ಉಳೀತಾವೇನ? ಓಡ್ಸ ಅವನ್ನ!" ನಾನು ಕಲ್ಲು ಬೀಸುವಷ್ಟರಲ್ಲಿ ಗಿಳಿಗಳ ಊಟ ಮುಗಿದಿರುತ್ತಿತ್ತು. ಎಣಿಸುವುದು ನನಗೆ ಹುಟ್ಟಿನಿಂದ ಬಂದ ಚಟ. ಈಗಲೂ ಮದುವೆಮನೆಯಲ್ಲಿ ಪಂಕ್ತಿಗೆ ಎಷ್ಟು ಎಲೆ ಹಾಕಿದ್ದಾರೆ ಅಂತ ನೋಡದೆ ನಾನು ಕೈತೊಳೆಯುವುದಿಲ್ಲ.

ರಾಯರು ನನ್ನನ್ನು ತಯಾರು ಮಾಡಿದ ರೀತಿ ಹೇಳಿದರೆ ನಗುತ್ತೀರಿ. ಹಾರುವ ಹಕ್ಕಿಯನ್ನು ಒಂದೊಂದಾಗಿ ಎಣಿಸಲಾಗುವುದಿಲ್ಲ, ಗುಂಪು ನೋಡಿದ ಕೂಡಲೇ ಅಂದಾಜು ಹೊಳೆಯಬೇಕು. ಅದಕ್ಕೆ ಅವರದ್ದೊಂದು ಉಪಾಯ. ಮೊರದ ಮೇಲೆ ಒಂದು ಹಿಡಿ ಅವರೆಕಾಳು ಚೆಲ್ಲಬೇಕು, ಮೂರು ಎಣಿಸುವಷ್ಟರಲ್ಲಿ ಎಷ್ಟು ಕಾಳು ಅಂತ ಹೇಳಬೇಕು, ಆಮೇಲೆ ನಿಜವಾಗಿ ಎಣಿಸಿ ನೋಡಬೇಕು. ಅವರೆಕಾಯಿ ಕಾಲ. ನಾನು ದಿನಾ ರಾತ್ರಿಯಡುಗೆಗೆ ಮುಂಚೆ ಕಾಳು ಚೆಲ್ಲುವುದು, ಕೂಗುವುದು, ಎಣಿಸುವುದು. ಯಜಮಾನರು ಪೇಪರು ಮಡಿಸಿ, "ಮುಗೀತಾ ನಿನ್ನ ಬೆಳ್ಳಕ್ಕಿ? ಒಗ್ಗರಣೆ ಹಾಕು, ಹೊಟ್ಟೆ ಹಸೀತಿದೆ" ಎನ್ನುತ್ತಿದ್ದರು. ಒಂದು ತಿಂಗಳು ನಮ್ಮ ಮನೆಯಲ್ಲಿ ಬರೀ ಅವರೆಕಾಳಿನ ಹುಳಿ, ಅವರೆಕಾಳಿನ ಉಸಲಿ, ಅವರೆಕಾಳಿನ ಉಪ್ಪಿಟ್ಟು. ಆಮೇಲೆ ಹಲಸೂರು ಕೆರೆಯ ದಂಡೆಯಲ್ಲಿ ನಿಲ್ಲಿಸಿ, ನಡುಗಡ್ಡೆಗೆ ಮರಳುವ ಕಾಗೆಗಳನ್ನು ಎಣಿಸಲು ಹೇಳಿದರು. ನನ್ನ ಅಂದಾಜು ಸರಿ ಬಂತು. "ಪಾಸು!" ಎಂದರು ರಾಯರು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಕೆಲಸ ಏನೆಂದರೆ, ಕೃಷ್ಣರಾಜಪುರದ ಕಡೆಯ ವಿದ್ಯುತ್ ಕೇಂದ್ರದಿಂದ ಹೊರಮಾವಿನ ಆಚೆಗೆ ಹೊಸದೊಂದು ಹೈಟೆನ್ಷನ್ ಲೈನು ಎಳೆಯಬೇಕಿತ್ತು. ಎರಡು ದಾರಿ ಗುರುತು ಮಾಡಿದ್ದರು. ಯಾರೋ ಪೇಪರಿಗೆ ಕಾಗದ ಬರೆದು, ಹಕ್ಕಿಗಳ ಗತಿಯೇನು ಎಂದು ಕೇಳಿದ್ದರಂತೆ. ಎರಡೂ ದಾರಿಯಲ್ಲಿ ಹಕ್ಕಿ ಎಷ್ಟಿವೆ ಎಂದು ಎಣಿಸಿಕೊಡಿ ಅಂತ ವಿದ್ಯುತ್ ಕಚೇರಿಯವರು ರಾಯರ ಗುಂಪಿಗೆ ಹೇಳಿದ್ದರು. ಗುಂಪು ಅಂದರೆ ರಾಯರು, ನಾನು, ಇನ್ನಿಬ್ಬರು.

ರಾಯರು ತಮ್ಮ ಮನೆಯ ನಡುಮನೆಯಲ್ಲಿ ನಕ್ಷೆ ಹಾಸಿ ನಾಲ್ಕು ಮೂಲೆಗೂ ಲೋಟ ಇಟ್ಟರು. ಕೆಂಪು ಪೆನ್ಸಿಲಿನ ಗೆರೆ ಎರಡು ಕೆರೆಗಳ ನಡುವಿನ ಏರಿಯ ಮೇಲೆ ಹಾದುಹೋಗುತ್ತಿತ್ತು. ನೀಲಿ ಪೆನ್ಸಿಲಿನದು ರೈಲು ಹಳಿಯ ಪಕ್ಕದಲ್ಲಿ ಹೋಗಿ, ಒಂದು ಖಾಲಿ ಬಡಾವಣೆಯ ಮೂಲೆಯನ್ನು ಕತ್ತರಿಸಿ ಮುಂದಕ್ಕೆ ಹೋಗುತ್ತಿತ್ತು. ನಾನು ಆ ಮೂಲೆ ನೋಡಿದೆ. ಅದು ನಮ್ಮ ಕಚೇರಿ ನೌಕರರ ಸಂಘದ ಬಡಾವಣೆ. ಆ ಮೂಲೆಯಲ್ಲಿದ್ದದ್ದು ನಮ್ಮ ಸೈಟು. ಮದುವೆಯಾದಾಗಿನಿಂದ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ, ಮೇಲಿನ ಮನೆಯವರು ರುಬ್ಬುವ ಸದ್ದು ಕೇಳುತ್ತಾ ಬದುಕಿದವರು ನಾವು. ಆ ಸೈಟಿನ ಮೇಲೆ ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಅಂತ ನಾವಿಬ್ಬರೂ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಷ್ಟು ಸಲ ಬರೆದಿದ್ದೆವೋ ಲೆಕ್ಕವಿಲ್ಲ. ಹೈಟೆನ್ಷನ್ ತಂತಿಯ ಕೆಳಗೆ ಮನೆ ಕಟ್ಟುವಂತಿಲ್ಲ.

ಕೆಂಪು ಗೆರೆಯ ದಾರಿಯಲ್ಲಿ ಹಕ್ಕಿ ಹೆಚ್ಚಿದ್ದರೆ ಲೈನು ನೀಲಿ ಗೆರೆಗೆ ಹೋಗುತ್ತದೆ, ಅಂದರೆ ನಮ್ಮ ಮನೆ ಹೋಯಿತು. ಇಷ್ಟು ತಿಳಿಯಲು ಡಿಗ್ರಿ ಬೇಕಾಗಿರಲಿಲ್ಲ. ನನ್ನನ್ನು ಈ ಕೆಲಸದಿಂದ ಬಿಟ್ಟುಬಿಡಿ ಎಂದು ಅಂದೇ ಹೇಳಬೇಕಿತ್ತು. ರಾಯರು, "ಏರಿ ದಾರಿ ನಿಮಗೇ ಇರ್ಲಿ, ನಿಮ್ಮ ಕಣ್ಣು ಚೂಪು" ಎಂದಾಗ ಆಗಲಿ ಎಂದೆ. ನಾನು ಸುಳ್ಳು ಲೆಕ್ಕ ಬರೆಯುವವಳಲ್ಲ ಎಂಬ ಧೈರ್ಯ ನನಗಿತ್ತು. ಆ ಧೈರ್ಯದಲ್ಲೇ ಸ್ವಲ್ಪ ಜಂಭವೂ ಇತ್ತು ಅಂತ ಈಗ ಅನಿಸುತ್ತದೆ.

ರಾಯರೊಬ್ಬರನ್ನು ಬಿಟ್ಟರೆ ನಾವೆಲ್ಲ ನೌಕರಿಯವರು, ಆದ್ದರಿಂದ ಎಣಿಕೆ ಭಾನುವಾರ. ಎಂಥ ಭಾನುವಾರ ಅಂತೀರಿ! ಬೆಳಗಿನ ಜಾವ ಎದ್ದು ಎಲ್ಲರಿಗೂ ಎಣ್ಣೆ ಹಚ್ಚಿ, ನೀರು ಕಾಯಿಸಿ, ಇಡ್ಲಿ ಬೇಯಿಸಿ ಮುಚ್ಚಿಟ್ಟು ನಾನು ಹೊರಡುತ್ತಿದ್ದೆ. ಏಳೂವರೆಗೆ ಏರಿಯ ಮೇಲೆ. ಒಂಬತ್ತು ಗಂಟೆಗೆ ಟೀವಿಯಲ್ಲಿ ಪೌರಾಣಿಕ ಧಾರಾವಾಹಿ, ಅದಕ್ಕೆ ಎಂಟೂಕಾಲಿಗೇ ವಾಪಸು. ರಾಯರಂಥ ರಾಯರಿಗೂ ಅದನ್ನು ತಪ್ಪಿಸಿಕೊಳ್ಳಲು ಮನಸ್ಸಿರಲಿಲ್ಲ. ಸಂಜೆಯೂ ಒಮ್ಮೆ ಬಂದು ನೋಡೋಣವೇ ಎಂದು ಒಂದು ಸಲ ಕೇಳಿದ್ದೆ. "ಸಂಜೆ ಕನ್ನಡ ಸಿನಿಮಾ ಇರುತ್ತಲ್ರೀ" ಎಂದರು. ಹೌದಲ್ಲ ಎಂದುಕೊಂಡೆ. ಆಗ ವಾರಕ್ಕೊಂದೇ ಸಿನಿಮಾ, ಈಗಿನವರಿಗೆ ಅದರ ಮಹತ್ವ ಹೇಳಿದರೆ ಅರ್ಥವಾಗುವುದಿಲ್ಲ.

ಮಂಡಿ ನೋವಿನಿಂದ ರಾಯರು ಏರಿಯ ತುದಿಯ ಕಲ್ಲಿನ ಮೇಲೆ ಹಾಳೆ ಹಿಡಿದು ಕೂರುತ್ತಿದ್ದರು. ನಾನು ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ದುರ್ಬೀನು ಹಿಡಿದು ಏರಿಯುದ್ದಕ್ಕೂ ನಡೆಯುತ್ತಾ ಕೂಗುತ್ತಿದ್ದೆ. ನಾಲ್ಕು ನಾಮದ ಕೋಳಿ. ಒಂದು ಮಿಂಚುಳ್ಳಿ. ಎರಡು ಟಿಟ್ಟಿಭ. ಕೆರೆ ಅಷ್ಟು ದೊಡ್ಡದು, ನೀರು ಅಷ್ಟು ತಿಳಿ, ಹಕ್ಕಿ ಮಾತ್ರ ಬೆರಳಲ್ಲಿ ಎಣಿಸುವಷ್ಟು. ಪ್ರತಿ ಭಾನುವಾರವೂ ಇದೇ ಕತೆ. ಏರಿಯ ಮೇಲೆ ಅಲ್ಲಲ್ಲಿ ಪಟಾಕಿಯ ಕೆಂಪು ಕಾಗದದ ಚೂರು ಬಿದ್ದಿರುತ್ತಿತ್ತು. "ಮದುವೆ ದಿಬ್ಬಣ ಹೋಗಿರ್ಬೇಕು" ಎನ್ನುತ್ತಿದ್ದರು ರಾಯರು. ಪ್ರತಿ ವಾರ ಅದೇ ಏರಿಯ ಮೇಲೆ ಯಾರ ದಿಬ್ಬಣ ಹೋಗುತ್ತದೆ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಎಣಿಕೆಯೂ ಮುಗಿಯಿತು. ರಾಯರು ತಮ್ಮ ಮುತ್ತಿನಂಥ ಅಕ್ಷರದಲ್ಲಿ, ಏರಿಯ ದಾರಿಯಲ್ಲಿ ನೀರುಹಕ್ಕಿಗಳು ವಿರಳ ಎಂದು ಬರೆದರು. ನಾನು ಕೆಳಗೆ ಸಹಿ ಹಾಕಿದೆ. ಸೋಮವಾರ ಇಬ್ಬರೂ ಹೋಗಿ ಇಂದಿರಾನಗರದಲ್ಲಿದ್ದ ವಿದ್ಯುತ್ ಕಚೇರಿಗೆ ಕೊಟ್ಟು ಬಂದೆವು. ಅಲ್ಲಿ ಆ ಕೆಲಸ ನೋಡುತ್ತಿದ್ದವರು ಶಿವಾನಂದ ಅಂತ ಎಂಜಿನಿಯರು. ಮೂವತ್ತು ದಾಟಿರಲಿಲ್ಲ. ಧಾರವಾಡದ ಕಡೆಯವರು. ನನ್ನ ಊರು ಕೇಳಿದ್ದೇ ಮುಖ ಅರಳಿತು.

"ರಾಣೇಬೆನ್ನೂರಾ? ಹಂಗಾರ ನಮ್ಮ ಅಕ್ಕಾರ ಆದ್ರಲ್ರಿ! ಬರ್ರಿ, ಕೂಡ್ರಿ, ಚಾ ಕುಡೀರಿ."

ಬೆಂಗಳೂರಿಗೆ ಬಂದ ಮೇಲೆ ಬಸ್ಸಿನವರಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರಿಗೂ ನಾನು ಮೇಡಂ. ತವರಿನ ಕಡೆಯ ಮಾತು ಕಿವಿಗೆ ಬಿದ್ದದ್ದೇ ನನ್ನ ಕಣ್ಣು ಒದ್ದೆಯಾಯಿತು. ರಾಯರು ಅದನ್ನು ನೋಡಿ ಚಹಾ ಖಾರವಾಯಿತೇನೋ ಎಂದು ಕೇಳಿದರು.

ಅದೇ ಬುಧವಾರ ನಮ್ಮ ಸಂಘದವರು ಬಡಾವಣೆಯಲ್ಲಿ ಮೂಲೆಕಲ್ಲು ನೆಟ್ಟು ತೋರಿಸುತ್ತೇವೆ ಬನ್ನಿ ಎಂದರು. ಯಜಮಾನರೂ ನಾನೂ ರಜೆ ಹಾಕಿ ಹೋದೆವು. ನಮ್ಮ ನಾಲ್ಕು ಕಲ್ಲುಗಳ ನಡುವೆ ನಿಂತು ಯಜಮಾನರು ಹೆಜ್ಜೆಯಲ್ಲಿ ಅಳತೆ ಮಾಡಿದರು. ಇಲ್ಲಿ ತುಳಸಿಕಟ್ಟೆ, ಇಲ್ಲಿ ನೀರಿನ ತೊಟ್ಟಿ ಎಂದು ಗಾಳಿಯಲ್ಲಿ ತೋರಿಸಿದರು. ಎಂದೂ ಜಾಸ್ತಿ ಮಾತಾಡದ ಮನುಷ್ಯ ಅಂದು ಅರ್ಧ ಗಂಟೆ ಮಾತಾಡಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಎಣಿಸಿದ ಕೆರೆ ತೋರಿಸುತ್ತೇನೆ ಬನ್ನಿ ಎಂದು ನಾನೇ ಜಂಭದಿಂದ ಕರೆದುಕೊಂಡು ಹೋದೆ. ದನಗಳು ಮನೆಗೆ ಮರಳುವ ಹೊತ್ತು.

ಏರಿ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಕೆರೆಯ ತುಂಬಾ ಹಕ್ಕಿ. ಬೆಳ್ಳಕ್ಕಿಗಳು ದಂಡೆಯುದ್ದಕ್ಕೂ, ನೀರುಕಾಗೆಗಳು ಒಣಮರದ ಕೊಂಬೆಕೊಂಬೆಯ ಮೇಲೆ, ನಡುನೀರಿನಲ್ಲಿ ಕೊಕ್ಕಿನಡಿ ಚೀಲ ತೂಗುವ ಹೆಜ್ಜಾರ್ಲೆಗಳ ಹಿಂಡು. ನೋಡನೋಡುತ್ತಿದ್ದಂತೆ ಅವು ಸಾಲುಸಾಲಾಗಿ ಎದ್ದು ನಮ್ಮ ತಲೆಯ ಮೇಲೆ, ಏರಿಗೆ ಅಡ್ಡವಾಗಿ, ಆಚೆ ಕೆರೆಯ ಮರಗಳ ಕಡೆಗೆ ಹಾರತೊಡಗಿದವು. ಕೈಯೆತ್ತಿದರೆ ಸಿಗುವಂತಿದ್ದವು. ರೆಕ್ಕೆಯ ಗಾಳಿಯ ಸದ್ದು ಕೇಳುತ್ತಿತ್ತು. ನಾನು ಎಣಿಸಲು ಶುರುಮಾಡಿದೆ. ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು, ಬಿಟ್ಟುಬಿಟ್ಟೆ.

ಏರಿಯ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ನಾನು ಬಾಯಿ ತೆರೆದು ನಿಂತದ್ದು ನೋಡಿ ನಕ್ಕಳು. ಹೆಸರು ಮುನಿರತ್ನಮ್ಮ, ಪಕ್ಕದ ಹಳ್ಳಿಯವಳು, ಹಾಲು ಹಾಕುವವಳು.

"ಯಾಕಮ್ಮೋ, ಹಕ್ಕಿ ನೋಡಿಲ್ವಾ?"

"ದಿನಾ ಇಷ್ಟು ಇರ್ತವಾ?" ಎಂದು ಕೇಳಿದೆ.

"ದಿನಾ ಇರ್ತವೆ. ಭಾನ್ವಾರ ಒಂದ್ ಬಿಟ್ಟು. ಅವತ್ತು ಮೀನ್ ಕಂಟ್ರಾಕ್ಟ್ನೋರು ಬಲೆ ಎಳೀತಾರಲ್ಲ, ಕೋಳಿ ಕೂಗೋಕ್ ಮುಂಚೆ ಬಂದು ಪಟಾಕಿ ಹಾರಿಸ್ತಾರೆ. ಅವ್ರು ಮೀನ್ ತಗೊಂಡು ಬೆಳಕಾಗೋಷ್ಟ್ರಲ್ಲಿ ಹೋಯ್ತಾರೆ, ಹಕ್ಕಿ ಎಲ್ಲಾ ಎದ್ದು ಓಡೋಯ್ತವೆ. ಸೋಮ್ವಾರ ವಾಪಸ್ ಬರ್ತವೆ." ಕುಡುಗೋಲು ಕೆಳಗಿಟ್ಟು ಇನ್ನಷ್ಟು ನಕ್ಕಳು. "ಯಾರೋ ಟೋಪಿ ಹಾಕ್ಕೊಂಡೋರು ಭಾನ್ವಾರಾನೇ ಬರ್ತಾರೆ ಕಣಮ್ಮೋ, ಬಿಸಿಲೇರಿದ್ ಮೇಲೆ. ಒಂದ್ ಕಣ್ ಮುಚ್ಕೊಂಡು ಬರೀ ನೀರ್ ನೋಡ್ತಾರೆ, ಬರ್ಕೊಂಡ್ ಹೋಯ್ತಾರೆ. ಏನ್ ಬರೀತಾರೋ, ಯಾವ್ ಸೀಮೆ ಓದ್ದೋರೋ!"

ಆ ಸೀಮೆಯವಳು ನಾನೇ ಎಂದು ಹೇಳಲು ನನ್ನಿಂದಾಗಲಿಲ್ಲ. ಯಜಮಾನರು ಬೇರೆ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಅಲುಗುತ್ತಿತ್ತು, ನಗುತ್ತಿದ್ದರು. ಬಸ್ಸು ಹತ್ತುವ ಹೊತ್ತಿಗೆ ಅವರ ನಗುವೂ ನಿಂತಿತ್ತು. ನೀಲಿ ಗೆರೆಯ ಸಂಗತಿ ಅವರಿಗೂ ಹೇಳಿದ್ದೆ, ಇಬ್ಬರಿಗೂ ಒಂದೇ ಸಲ ವಿಷಯ ಅರ್ಥವಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. "ಹೋಗಿ ಹೇಳ್ಬೇಕಲ್ರೀ."

"ನೀನೇನು ಸುಳ್ಳು ಬರ್ದಿಲ್ವಲ್ಲ. ಕಂಡಿದ್ದು ಬರ್ದಿದ್ದೀಯ" ಎಂದರು. ಮಜ್ಜಿಗೆ ಕಲಸಿಕೊಳ್ಳುತ್ತಾ, "ಹೇಳ್ಬೇಕು ಅನ್ಸಿದ್ರೆ ಹೇಳು. ನಾನ್ ಬೇಡ ಅನ್ನಲ್ಲ" ಎಂದರು.

ಬೇಡ ಎಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಜಗಳ ತೆಗೆದು ಮರುದಿನ ಬೆಳಿಗ್ಗೆಯೇ ಹೋಗುತ್ತಿದ್ದೆ. ಅವರು ಬಿಟ್ಟುಕೊಟ್ಟಿದ್ದರಿಂದ ನಿರ್ಧಾರವೆಲ್ಲ ನನ್ನ ತಲೆಯ ಮೇಲೆಯೇ ಬಿತ್ತು. ನಾನು ಏನು ಮಾಡಿದೆ ಅಂತೀರಿ? ಏನೂ ಮಾಡಲಿಲ್ಲ. ಮೊದಲ ವಾರ ಮಗಳಿಗೆ ನೆಗಡಿ. ಎರಡನೇ ವಾರ ಕಚೇರಿಯಲ್ಲಿ ಮಾರ್ಚ್ ತಿಂಗಳ ಗಡಿಬಿಡಿ. ಮೂರನೇ ವಾರಕ್ಕೆ ನನ್ನ ಬಳಿ ನೆಪಗಳೂ ಉಳಿದಿರಲಿಲ್ಲ, ಆದರೂ ಹೋಗಲಿಲ್ಲ. ರಾಯರಿಗೆ ಹೇಳಿದ್ದರೆ ಚಪ್ಪಲಿ ಮೆಟ್ಟಲೂ ಕಾಯದೆ ಆಟೋ ಹತ್ತುತ್ತಿದ್ದರು. ಅದಕ್ಕೇ ಅವರಿಗೂ ಹೇಳಲಿಲ್ಲ. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಒಂದು ಕಡೆ ಏರಿಯ ಮೇಲೆ ಸಾಲು ಕಟ್ಟಿ ಹಾರುವ ಹೆಜ್ಜಾರ್ಲೆ, ಇನ್ನೊಂದು ಕಡೆ ನಾಲ್ಕು ಕಲ್ಲಿನ ನಡುವೆ ನಿಂತು ತುಳಸಿಕಟ್ಟೆ ತೋರಿಸುವ ಗಂಡ. ಹೆಜ್ಜಾರ್ಲೆ ಭಾರದ ಹಕ್ಕಿ, ತಟ್ಟನೆ ತಿರುಗಲು ಅದಕ್ಕೆ ಬರುವುದಿಲ್ಲ. ಮುಸ್ಸಂಜೆಯಲ್ಲಿ ತಂತಿ ಅದಕ್ಕೆ ಕಾಣುವುದೂ ಇಲ್ಲ. ಇದನ್ನು ನನಗೆ ಕಲಿಸಿದವರೂ ರಾಯರೇ.

ಕ್ಲೇಮ್ ವಿಭಾಗದಲ್ಲಿ ನನ್ನ ಕೆಲಸ ಏನೆಂದು ನಿಮಗೆ ಹೇಳಲಿಲ್ಲ. ಪಾಲಿಸಿ ಮಾಡಿಸುವಾಗ ಇರುವ ಕಾಯಿಲೆಯನ್ನು ಯಾರಾದರೂ ಹೇಳದೆ ಬಿಟ್ಟಿದ್ದರೆ, ಅವರು ತೀರಿಕೊಂಡ ಮೇಲೆ ಮನೆಯವರ ಅರ್ಜಿಯನ್ನು ತಿರಸ್ಕರಿಸುವ ಕಾಗದ ಬರೆಯುವುದು ನನ್ನ ಪಾಲಿನದು. ಮೂರನೇ ವಾರದ ಗುರುವಾರ ಅಂಥದೊಂದು ಫೈಲು ಬಂತು. ಸಕ್ಕರೆ ಕಾಯಿಲೆ ಹೇಳಿರಲಿಲ್ಲ ಆ ಮನುಷ್ಯ. ಅವರ ಹೆಂಡತಿ ಎದುರಿನ ಬೆಂಚಿನ ಮೇಲೆ ಕೂತಿದ್ದರು. "ಅವ್ರು ಸುಳ್ಳು ಹೇಳೋರಲ್ಲಮ್ಮ, ಯಾರೂ ಕೇಳ್ಲಿಲ್ಲ ಅಂತ ಹೇಳಿಲ್ಲ ಅಷ್ಟೆ" ಎಂದರು. ನಾನು ಎಷ್ಟೋ ವರ್ಷದಿಂದ ಬರೆದು ಬಾಯಿಪಾಠವಾಗಿದ್ದ ವಾಕ್ಯ ಬರೆಯತೊಡಗಿದೆ: ತಿಳಿದಿದ್ದ ಸಂಗತಿಯನ್ನು ತಿಳಿಸದೇ ಇದ್ದುದರಿಂದ. ಅಲ್ಲಿಗೆ ಪೆನ್ನು ನಿಂತಿತು. ಆ ಹೆಂಗಸಿಗೆ ಈ ಕಾಗದ ಕಳಿಸುವ ಯೋಗ್ಯತೆ ನನಗೆಲ್ಲಿಂದ ಬಂತು ಎನಿಸಿತು. ಮರುದಿನ ಅರ್ಧ ದಿನ ರಜೆ ಬರೆದುಕೊಟ್ಟು ಇಂದಿರಾನಗರದ ಬಸ್ಸು ಹತ್ತಿದೆ.

ಶಿವಾನಂದ ನನ್ನನ್ನು ನೋಡಿ ಎದ್ದು ನಿಂತರು. "ಬರ್ರಿ ಅಕ್ಕಾರ!" ನಾನು ಕೂರಲೂ ಇಲ್ಲ, ನಿಂತುಕೊಂಡೇ ಎಲ್ಲ ಹೇಳಿದೆ, ಬಲೆ, ಪಟಾಕಿ, ಭಾನುವಾರ, ಸಂಜೆಯ ಹೆಜ್ಜಾರ್ಲೆ. ಅವರ ಮುಖ ಬಾಡಿತು.

"ಅಯ್ಯ, ಫೈಲ್ ಮ್ಯಾಲ ಹೋಗಿ ಎಂಟ ದಿನ ಆತಲ್ರಿ. ಕಂಬದ ಜಾಗಾನೂ ಗುರ್ತ ಮಾಡಿ ಬಂದೇವಿ. ಅದಕ್ಕ ಮೊದಲ ಗೊತ್ತಾಗಿದ್ರ ನಾನ ತಡೀತಿದ್ದೆ." ಆಮೇಲೆ, ನನ್ನನ್ನು ಪರೀಕ್ಷಿಸಲು ಅಲ್ಲ, ಸುಮ್ಮನೆ ಕೇಳಿದರು: "ನಿಮಗ ಯಾವಾಗ ಗೊತ್ತಾತ್ರಿ?"

ದಾರಿಯುದ್ದಕ್ಕೂ ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಈ ಒಂದು ಪ್ರಶ್ನೆಯನ್ನು ಮಾತ್ರ ಜೋಡಿಸಿಕೊಂಡಿರಲಿಲ್ಲ.

"ನಿನ್ನೆ" ಎಂದೆ.

"ಹಂಗಾರ ನೀವರ ಏನ್ ಮಾಡ್ತೀರಿ ಬಿಡ್ರಿ. ಗೊತ್ತಾದ ಮರುದಿನಾನ ರಜಾ ಹಾಕಿ ಓಡಿ ಬಂದೀರಿ. ಇಷ್ಟರ ಯಾರ್ ಮಾಡ್ತಾರ? ಕೂಡ್ರಿ ಅಕ್ಕಾರ, ಚಾ ತರಸ್ತೀನಿ."

ನಾನು ಆ ಚಹಾ ಕುಡಿದೆ. ನನ್ನ ಜನ್ಮದಲ್ಲಿ ಕುಡಿದ ಅತ್ಯಂತ ಕಹಿ ಚಹಾ ಅದು, ಸಕ್ಕರೆ ಎರಡು ಚಮಚ ಇತ್ತು.

ಲೈನು ಏರಿಯ ಮೇಲೆಯೇ ಬಂತು. ತಂತಿ ಎಳೆದ ವಾರದಲ್ಲೇ ನಾನು ನೋಡಲು ಹೋದೆ. ಮುನಿರತ್ನಮ್ಮ ನನ್ನನ್ನು ಕಂಡವಳೇ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಏರಿಯ ಕೆಳಗೆ ಹುಲ್ಲಿನಲ್ಲಿ ಒಂದು ಹೆಜ್ಜಾರ್ಲೆ ಬಿದ್ದಿತ್ತು, ಒಂದು ರೆಕ್ಕೆ ಬಿಚ್ಚಿಕೊಂಡು. "ನಿನ್ನೆ ಸಂಜೆ ಬಿತ್ತು ಕಣಮ್ಮೋ. ತಂತಿ ಕಾಣ್ಲಿಲ್ಲ ಅದ್ಕೆ, ಪಾಪ. ಜೊತೇದು ಮೂರ್ ಸುತ್ತು ಹಾಕ್ತು" ಎಂದಳು. ನಾನು ಅಲ್ಲೇ ಏರಿಯ ಮೇಲೆ ಕುಳಿತು ಅತ್ತೆ. ಯಾರೋ ಸತ್ತವರ ಮನೆಯಲ್ಲಿ ಸಮಾಧಾನ ಹೇಳುವವರ ಹಾಗೆ ಅವಳು ನನ್ನ ಬೆನ್ನು ಸವರುತ್ತಿದ್ದಳು. ಅದನ್ನು ಸಹಿಸುವುದೂ ಕಷ್ಟವಾಯಿತು.

ಶಿವಾನಂದರಿಗೆ ಸುದ್ದಿ ಮುಟ್ಟಿಸಿದೆ. ಆ ಮನುಷ್ಯ ಸುಮ್ಮನೆ ಕೂರಲಿಲ್ಲ. ತಂತಿ ಹಕ್ಕಿಯ ಕಣ್ಣಿಗೆ ಬೀಳುವ ಹಾಗೆ ದೊಡ್ಡ ಕಿತ್ತಳೆ ಬಣ್ಣದ ಚೆಂಡುಗಳನ್ನು ತೂಗುಹಾಕಬಹುದು, ಆದರೆ ಮೇಲಿನವರು ಒಪ್ಪಬೇಕು. "ಹಕ್ಕಿಗಂತ ಬರದ್ರ ಫೈಲ್ ಏಳಂಗಿಲ್ರಿ ಅಕ್ಕಾರ. ವಿಮಾನಕ್ಕಂತ ಬರೀತೀನಿ" ಎಂದರು. ಆಗ ವಿಮಾನ ನಿಲ್ದಾಣ ಬೆಂಗಳೂರಿನ ಪೂರ್ವಕ್ಕೇ, ನಮ್ಮ ಕಡೆಗೇ ಇತ್ತಲ್ಲ. ವಿಮಾನಗಳ ಸುರಕ್ಷತೆಗೆ ಅಂತ ಬರೆದು, ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿಂಗಳುಗಟ್ಟಲೆ ಓಡಾಡಿ, ಮೇಲಿನವರಿಂದ ಬೈಸಿಕೊಂಡು, ಕೊನೆಗೂ ಏರಿಯುದ್ದಕ್ಕೂ ಚೆಂಡು ಕಟ್ಟಿಸಿದರು. ಆ ಕಡೆ ವಿಮಾನ ಅಷ್ಟು ಕೆಳಗೆ ಎಂದೂ ಬರುವುದಿಲ್ಲ. ಹೆಜ್ಜಾರ್ಲೆಗಳು ಮಾತ್ರ ದೂರದಿಂದಲೇ ಚೆಂಡು ನೋಡಿ ಮೇಲೇರತೊಡಗಿದವು. ಬೀಳುವುದು ಪೂರಾ ನಿಲ್ಲಲಿಲ್ಲ, ಕಡಿಮೆಯಾಯಿತು.

ನಮ್ಮ ಮನೆ ಎದ್ದು ನಿಲ್ಲಲು ಇನ್ನೂ ಮೂರು ವರ್ಷ ಹಿಡಿಯಿತು. ಗೃಹಪ್ರವೇಶಕ್ಕೆ ಉಕ್ಕಿಸಲು ಹಾಲು ತಂದವಳು ಮುನಿರತ್ನಮ್ಮ. ರಾಯರು ಮಂಡಿ ಹಿಡಿದುಕೊಂಡು ಬಂದು, ಊಟ ಮುಗಿಸಿ, ಬೇಗ ಹೊರಟರು. ಶಿವಾನಂದ ಬಂದದ್ದು ಸಂಜೆ, ಕಚೇರಿ ಮುಗಿಸಿಕೊಂಡು. ಮನೆ ಹುಡುಕಲು ಕಷ್ಟವಾಯಿತು ಅಂದರು, ಈ ಕಡೆ ಬಡಾವಣೆಯೊಳಗೆ ಬಂದೇ ಇರಲಿಲ್ಲವಂತೆ. ಹೋಳಿಗೆ ಬಡಿಸಿದೆ. ಉಂಡ ಮೇಲೆ, "ಅಕ್ಕಾರ, ತಾರಸಿ ತೋರಸ್ರಿ. ನಮ್ಮ ಲೈನ್ ಕಾಣ್ತದೇನ ನೋಡೂಣು" ಎಂದು ತಾವೇ ಮೆಟ್ಟಿಲು ಹತ್ತಿದರು.

ಲೈನು ಚೆನ್ನಾಗಿ ಕಾಣುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಹೆಜ್ಜಾರ್ಲೆಗಳು ಸಾಲಾಗಿ ಕೆರೆಯಿಂದ ಎದ್ದು ಬಂದು, ಚೆಂಡುಗಳ ಹತ್ತಿರ ಬರುತ್ತಲೇ ಒಂದರ ಹಿಂದೊಂದು ಮೇಲೇರಿ ದಾಟಿದವು. ಶಿವಾನಂದ ಚಪ್ಪಾಳೆ ತಟ್ಟಿಬಿಟ್ಟರು.

"ನೋಡ್ರಿ ಅಕ್ಕಾರ! ನೀವು ಅವತ್ತ ಮರುದಿನಾನ ಓಡಿ ಬಂದ್ರಿ ಅಂತ ನನಗೂ ಹುರುಪು ಬಂತು. ಇಲ್ಲಂದ್ರ ಅಷ್ಟೆಲ್ಲಾ ಯಾರ್ ತಿರಗತಿದ್ರಿ?" ಆ ಖುಷಿಯಲ್ಲೇ ಕೈಚಾಚಿ ವಿವರಿಸತೊಡಗಿದರು. "ಆ ಇನ್ನೊಂದ ದಾರಿ ಹಿಡದಿದ್ವಿ ಅಂದ್ರ, ಅಗೋ ಅಲ್ಲಿ ರೈಲ್ ಹಳಿ, ಅಲ್ಲಿಂದ ಹಿಂಗ ಬರ್ತಿತ್ತು, ಹಿಂಗ ತಿರಗಿ..."

ಅವರ ಬೆರಳು ರೈಲು ಹಳಿಯಿಂದ ಹೊರಟು, ಖಾಲಿ ಸೈಟುಗಳ ಮೇಲೆ ಹಾದು, ಹತ್ತಿರ ಹತ್ತಿರ ಬಂದು, ನಾವು ನಿಂತಿದ್ದ ತಾರಸಿಯ ಮೇಲೆ ನಿಂತಿತು. ಬೆರಳು ಹಾಗೆಯೇ ಇತ್ತು. ಅವರು ನನ್ನನ್ನು ನೋಡಲಿಲ್ಲ.

"ಈ ಸೈಟ್ ಯಾವಾಗ ತಗೊಂಡ್ರಿ?"

"ಎಣಿಕೆಗಿಂತ ಮುಂಚೇನೇ" ಎಂದೆ.

ಅವರು ಕೈ ಇಳಿಸಿದರು. ಕೆಳಗೆ ನೆಂಟರು ಪಾತ್ರೆ ತೊಳೆಯುವ ಸದ್ದು, ಯಜಮಾನರು ಯಾರಿಗೋ ತುಳಸಿಕಟ್ಟೆ ತೋರಿಸುತ್ತಿದ್ದ ಮಾತು ಕೇಳುತ್ತಿತ್ತು. ಶಿವಾನಂದ ಇನ್ನೇನೂ ಕೇಳಲಿಲ್ಲ. ಕೇಳದಿದ್ದರೆ ಹೇಳಬೇಕಿಲ್ಲ ಎಂದು ಒಂದು ಕ್ಷಣ ನನಗೆ ಅನಿಸಿದ್ದು ನಿಜ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನಿನ್ನೆ ಅಂದಿದ್ದೆ ನಿಮಗೆ. ನಿನ್ನೆ ಅಲ್ಲ ಅದು. ನನಗೆ ಗೊತ್ತಾಗಿ ಮೂರು ವಾರ ಆಗಿತ್ತು" ಎಂದೆ.

ಇನ್ನೊಂದು ಸಾಲು ಹಕ್ಕಿ ಬಂತು. ಇಬ್ಬರೂ ಅದು ದಾಟುವವರೆಗೆ ನೋಡಿದೆವು. ಅವರು ಕೆಳಗಿಳಿದು, ನೀರು ಕೇಳಿ ಕುಡಿದು, ಯಜಮಾನರಿಗೆ ಮನೆ ಚಲೋ ಆಗೇದ ಎಂದು ಹೇಳಿ, ಹೆಲ್ಮೆಟ್ ಹಾಕಿಕೊಂಡರು. ನಾನು ತಾಂಬೂಲದ ತಟ್ಟೆ ಹಿಡಿದು ಗೇಟಿನವರೆಗೆ ಹೋದೆ. ಎರಡೂ ಕೈಯಲ್ಲಿ ಮರ್ಯಾದೆಯಿಂದ ತೆಗೆದುಕೊಂಡರು.

"ಬರ್ತೀನ್ರಿ, ಮೇಡಂ" ಎಂದರು.